ಪರೇಲಿನ ಪ್ರಯೋಗಾಲಯದಲ್ಲಿ ಕಮಲ್ ರಣದಿವೆ

ಪರೇಲ್ ಎಂದೊಡನೆ ಮುಂಬಯಿಗರಾದ ನಮಗೆ ನೆನಪಾಗುವುದು ಟಾಟಾ ಆಸ್ಪತ್ರೆ. ಊರಿನಿಂದ ಚಿಕಿತ್ಸೆಗೆ ಬಂದ ನೆಂಟರ ಜೊತೆ ಅಲ್ಲಿ ಫೈಲು ಹಿಡಿದು ಕಾದು ಕುಳಿತವರು ನಮ್ಮ ಸಂಘದಲ್ಲೂ ಕಡಿಮೆಯೇನಿಲ್ಲ. ಅದೇ ಪರೇಲಿನಲ್ಲಿ, ಸ್ತನ ಕ್ಯಾನ್ಸರ್ ಎಂಬ ಶಬ್ದವನ್ನು ಹೆಂಗಸರು ಬಾಯಿಬಿಟ್ಟು ಹೇಳಲೂ ಹಿಂಜರಿಯುತ್ತಿದ್ದ ಕಾಲದಲ್ಲಿ, ಅದು ಏಕೆ ಬರುತ್ತದೆ ಎಂದು ಹುಡುಕಲು ಹೊರಟ ಮಹಿಳೆ ಡಾ. ಕಮಲ್ ರಣದಿವೆ.

ಅವರು ಹುಟ್ಟಿದ್ದು 1917ರ ನವೆಂಬರ್ 8ರಂದು, ಪುಣೆಯ ಸಮರ್ಥ್ ಕುಟುಂಬದಲ್ಲಿ. ತಂದೆ ಫರ್ಗ್ಯುಸನ್ ಕಾಲೇಜಿನಲ್ಲಿ ಜೀವಶಾಸ್ತ್ರದ ಅಧ್ಯಾಪಕರು. ಮಗಳು ಡಾಕ್ಟರಾಗಬೇಕು, ಡಾಕ್ಟರನ್ನೇ ಮದುವೆಯಾಗಬೇಕು ಎಂಬುದು ಅವರ ಆಸೆ. ಮಗಳು ಎರಡನ್ನೂ ನಡೆಸಿಕೊಡಲಿಲ್ಲ! ಹುಜೂರ್‌ಪಾಗಾ ಶಾಲೆ ಮುಗಿಸಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದರು. 1939ರಲ್ಲಿ ಗಣಿತಜ್ಞರಾದ ಜೆ.ಟಿ. ರಣದಿವೆಯವರ ಕೈ ಹಿಡಿದು ಮುಂಬಯಿಗೆ ಬಂದರು. 1943ರ ಎಂ.ಎಸ್ಸಿ.ಗೆ ಅವರು ಆರಿಸಿಕೊಂಡ ವಿಷಯ ಸೀತಾಫಲದ ಜಾತಿಯ ಗಿಡಗಳ ವರ್ಣತಂತುಗಳು. ಸೀತಾಫಲದಿಂದ ಕ್ಯಾನ್ಸರಿಗೆ ದೂರದ ದಾರಿ ಎನಿಸಬಹುದು. ಆದರೆ ಸೂಕ್ಷ್ಮದರ್ಶಕದ ಕೆಳಗೆ ಕಾಣುವುದು ಎರಡರಲ್ಲೂ ಜೀವಕೋಶವೇ. ಆ ಅಧ್ಯಯನಕ್ಕೆ ಪತಿಯೂ ನೆರವಾದರು.

ಮುಂಬಯಿಯಲ್ಲಿ ಟಾಟಾ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಡಾ. ವಿ.ಆರ್. ಖಾನೋಲ್ಕರ್ ಅವರ ಮಾರ್ಗದರ್ಶನದಲ್ಲಿ 1949ರಲ್ಲಿ ಪಿಎಚ್.ಡಿ. ಪಡೆದರು. ಆಮೇಲೆ ಅಮೆರಿಕದ ಬಾಲ್ಟಿಮೋರ್‌ಗೆ ಹೋಗಿ, ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜಾರ್ಜ್ ಗೈ ಅವರ ಬಳಿ ಕಲಿತರು. ಮನುಷ್ಯರ ಜೀವಕೋಶವನ್ನು ದೇಹದ ಹೊರಗೆ ನಿರಂತರವಾಗಿ ಬೆಳೆಸಿ ತೋರಿಸಿದ ಪ್ರಯೋಗಾಲಯ ಅದು. 1951ರಲ್ಲಿ ಅಲ್ಲಿ ಬೆಳೆದ ಹೀಲಾ ಕೋಶಗಳು ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಬಡ ಕಪ್ಪು ಹೆಂಗಸಿನವು. ಆಕೆಯನ್ನು ಒಂದು ಮಾತೂ ಕೇಳದೆ ತೆಗೆದವು. ಇಂದು ರೋಗಿಯ ಒಪ್ಪಿಗೆ ಪತ್ರವಿಲ್ಲದೆ ಅಂಗಾಂಶ ಮುಟ್ಟಬಾರದು ಎಂಬ ನಿಯಮದ ಹಿಂದೆ ಇಂಥ ಕಥೆಗಳಿವೆ.

ಅಮೆರಿಕದಲ್ಲೇ ಉಳಿಯದೆ ಕಮಲ್ ಹಿಂತಿರುಗಿ, ಪರೇಲಿನ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ನಮ್ಮ ದೇಶದ ಮೊದಲ ಅಂಗಾಂಶ ಕೃಷಿ ಪ್ರಯೋಗಾಲಯ ಕಟ್ಟಿದರು. ಕೃಷಿ ಎಂಬ ಮಾತು ಇಲ್ಲಿ ಸರಿಯಾಗಿಯೇ ಒಪ್ಪುತ್ತದೆ. ದೇಹದಿಂದ ತೆಗೆದ ಚೂರಿಗೆ ದೇಹದಷ್ಟೇ ಬಿಸಿ ಬೇಕು, ಪೋಷಕ ದ್ರವ ಬೇಕು, ಒಂದು ಬ್ಯಾಕ್ಟೀರಿಯಾ ನುಸುಳಿದರೂ ವಾರಗಳ ದುಡಿಮೆ ಹಾಳು. ಆ ದ್ರವಗಳನ್ನೂ ಅದಕ್ಕೆ ಬೇಕಾದ ರಾಸಾಯನಿಕಗಳನ್ನೂ ಅರವತ್ತರ ದಶಕದ ಮೊದಲಲ್ಲಿ ಅವರು ಸಹಾಯಕರೊಡನೆ ಇಲ್ಲೇ ತಯಾರಿಸಿಕೊಂಡರು. ಇಲಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿ, ಸ್ತನ ಕ್ಯಾನ್ಸರಿಗೆ ಅನುವಂಶೀಯತೆ, ಹಾರ್ಮೋನು, ವೈರಸ್ ಇವುಗಳ ನಡುವಿನ ನಂಟನ್ನು ಹುಡುಕಿದರು. 1966ರಿಂದ 1970ರವರೆಗೆ ಕೇಂದ್ರದ ನಿರ್ದೇಶಕಿಯ ಹೊಣೆ ಹೊತ್ತರು. ಕುಷ್ಠರೋಗದ ಲಸಿಕೆಗೆ ದಾರಿ ಮಾಡಿದ ಸಂಶೋಧನೆಯಲ್ಲೂ ಅವರ ಪಾಲಿದೆ. 1982ರಲ್ಲಿ ಪದ್ಮಭೂಷಣ ಬಂತು.

ಅವರ ಕಾಲದಲ್ಲಿ ಕೋಶಗಳು ಹೆಚ್ಚಾಗಿ ಗಾಜಿನ ಮೇಲೆ ಚಪ್ಪಟೆಯಾಗಿ ಹರಡಿಕೊಂಡು ಬೆಳೆಯುತ್ತಿದ್ದವು. ಹಾಗೆ ಬೆಳೆದ ಸ್ತನದ ಕೋಶ ತನ್ನ ಹಾಲಿನ ನಾಳದ ಆಕಾರವನ್ನೇ ಮರೆತುಬಿಡುತ್ತದೆ. ಈಗ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಚೂರನ್ನು ಕಿಣ್ವದಿಂದ ಬಿಡಿಸಿ, ಮೆತ್ತನೆಯ ಜೆಲ್ ಒಳಗೆ ಇಟ್ಟರೆ ಕೋಶಗಳು ಸೇರಿಕೊಂಡು ಪುಟ್ಟ ಉಂಡೆಗಳಾಗುತ್ತವೆ. ಇದೇ ಆರ್ಗನಾಯ್ಡ್. 2018ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಸ್ತನ ಕ್ಯಾನ್ಸರಿನ ಇಂಥ ನೂರಕ್ಕೂ ಹೆಚ್ಚು ಮಾದರಿಗಳ ಸಂಗ್ರಹವನ್ನು ಪ್ರಕಟಿಸಿದರು. ಯಾವ ಔಷಧಕ್ಕೆ ಯಾವ ಗೆಡ್ಡೆ ಬಗ್ಗುತ್ತದೆ ಎಂದು ರೋಗಿಗೆ ಕೊಡುವ ಮೊದಲೇ ಅದರ ಮೇಲೆ ಪರೀಕ್ಷಿಸಿ ನೋಡಬಹುದು. ಪರೀಕ್ಷಾ ಹಂತದಲ್ಲೇ ಇರುವ ವಿದ್ಯೆ, ಸರಿ. ಆದರೆ ಅದರ ಬೇರು ಇರುವುದು ದೇಹದ ಹೊರಗೆ ಕೋಶವನ್ನು ಬದುಕಿಸಿಡುವ ಆ ಹಳೆಯ ಕೆಲಸದಲ್ಲೇ.

ನನಗೆ ಅವರು ಹತ್ತಿರವಾಗುವುದು ಇನ್ನೊಂದು ಕಾರಣಕ್ಕೆ. ಹೆಣ್ಣುಮಕ್ಕಳು ಎಂ.ಎಸ್ಸಿ. ತನಕ ಓದಿ, ಮಗುವಾದ ಮೇಲೆ ಪ್ರಯೋಗಾಲಯ ಬಿಡುವುದು ಆಗ ಮಾಮೂಲಾಗಿತ್ತು. ಈಗ ಬಹಳ ಬದಲಾಗಿದೆಯೇ? ನಮ್ಮ ಮನೆಗಳನ್ನೇ ನೋಡಿಕೊಳ್ಳೋಣ. 1973ರಲ್ಲಿ ಕಮಲ್ ಮತ್ತು ಅವರ ಜೊತೆಗಾರ್ತಿಯರು ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘವನ್ನು ಆರಂಭಿಸಿದರು. ಭಾಷಣ, ಸನ್ಮಾನಗಳಿಗೇ ನಿಲ್ಲದೆ ಆ ಸಂಘ ವಾಶಿಯಲ್ಲಿ ಉದ್ಯೋಗಸ್ಥ ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಕಟ್ಟಿತು, ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ ತೆರೆಯಿತು. ಮುಂದೆ ವಯಸ್ಸಾದ ಮೇಲೂ ಕಮಲ್ ಸುಮ್ಮನೆ ಕೂರಲಿಲ್ಲ. ಅಹಮದನಗರ ಜಿಲ್ಲೆಯ ಬುಡಕಟ್ಟು ಮಕ್ಕಳ ಪೌಷ್ಟಿಕತೆಯ ಮಾಹಿತಿ ಕಲೆಹಾಕುತ್ತ ಹಳ್ಳಿಗಳಿಗೆ ಹೋದರು.

2021ರ ನವೆಂಬರ್ 8ರಂದು ಗೂಗಲ್ ತನ್ನ ಮುಖಪುಟದಲ್ಲಿ ಸೂಕ್ಷ್ಮದರ್ಶಕದೊಡನೆ ಅವರ ಚಿತ್ರ ಹಾಕಿತ್ತು. ಇವರು ಯಾರು ಎಂದು ಮಗಳು ಕೇಳಿದಳು. ಎಷ್ಟೋ ವರ್ಷ ವಾಶಿಯ ಆ ಹಾಸ್ಟೆಲಿನ ಮುಂದೆಯೇ ತರಕಾರಿ ಚೀಲ ಹಿಡಿದು ಓಡಾಡಿದ ನನಗೂ ಅಂದು ಉತ್ತರ ಗೊತ್ತಿರಲಿಲ್ಲ.