ದೃಷ್ಟಿದಾತ ಡಾಕ್ಟರ್ ಮೋದಿಯವರು

ಇಂದ್ರಿಯಗಳಲ್ಲೆಲ್ಲ ಕಣ್ಣೇ ಪ್ರಧಾನವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಕಣ್ಣು ಕಳೆದುಕೊಂಡ ಬಡವನಿದ್ದ ಊರಿಗೆ ತಾವೇ ಹೋಗಿ, ಬೆಳಕನ್ನು ಮರಳಿ ಕೊಟ್ಟ ವೈದ್ಯರು ವಿರಳ. ಅಂತಹವರಲ್ಲಿ ಡಾ. ಮುರಿಗೆಪ್ಪ ಚನ್ನವೀರಪ್ಪ ಮೋದಿಯವರು ಅಗ್ರಗಣ್ಯರು.

ಮೋದಿಯವರು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಜನಿಸಿದರು. ವೈದ್ಯವಿದ್ಯೆಯನ್ನು ಕಲಿತು ನೇತ್ರಚಿಕಿತ್ಸೆಯಲ್ಲಿ ಪರಿಣತರಾದರು. ಪಟ್ಟಣದಲ್ಲಿ ನೆಲೆನಿಂತು ಹಣ ಗಳಿಸುವುದು ಅವರಿಗೆ ಕಷ್ಟವಾಗುತ್ತಿರಲಿಲ್ಲ. ಆದರೆ 1943ರಿಂದ ಅವರು ಊರೂರು ಸುತ್ತಿ ಉಚಿತ ಶಿಬಿರಗಳನ್ನು ನಡೆಸತೊಡಗಿದರು. ಶಿಬಿರದಲ್ಲಿ ಮೇಜುಗಳನ್ನು ಸಾಲಾಗಿ ಹಾಕುತ್ತಿದ್ದರು. ಒಬ್ಬನ ಶಸ್ತ್ರಕ್ರಿಯೆ ಮುಗಿಯುವಷ್ಟರಲ್ಲಿ ಮತ್ತೊಬ್ಬನು ಸಿದ್ಧನಾಗಿರುತ್ತಿದ್ದನು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಮಂದಿಯ ಪೊರೆ ತೆಗೆದು ಲೋಕವನ್ನೇ ಬೆರಗುಗೊಳಿಸಿದರು. 1993ರ ಫೆಬ್ರವರಿಯ ವೇಳೆಗೆ ಅವರ ಶಸ್ತ್ರಕ್ರಿಯೆಗಳು ಆರು ಲಕ್ಷವನ್ನು ಮೀರಿದ್ದುವೆಂದು ಗಿನ್ನೆಸ್ ಪುಸ್ತಕವು ದಾಖಲಿಸಿತು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಬಂದುವು. ಜನರು ಪ್ರೀತಿಯಿಂದ ಕಣ್ಣು ಕೊಟ್ಟ ಅಣ್ಣನೆಂದು ಕರೆದರು. 2005ರಲ್ಲಿ ಅವರು ಬೆಂಗಳೂರಿನಲ್ಲಿ ಕಾಲವಾದರು.

ಮೋದಿಯವರೇಕೆ ಊರೂರಿಗೆ ಹೋಗಬೇಕಾಯಿತು? ಬಡತನವೊಂದೇ ಕಾರಣವಲ್ಲ. ಪೊರೆಯು ಒಂದು ದಿನದಲ್ಲಿ ಬರುವ ರೋಗವಲ್ಲ. ಕಣ್ಣಿನೊಳಗಿನ ಮಸೂರವು ವರ್ಷಗಟ್ಟಲೆ ಮೆಲ್ಲಮೆಲ್ಲನೆ ಮಬ್ಬಾಗುತ್ತದೆ. ನೋವಿಲ್ಲ, ಕೆಂಪಿಲ್ಲ. ಇದ್ದಷ್ಟು ಬೆಳಕಿಗೆ ಮನುಷ್ಯನು ಒಗ್ಗಿಹೋಗುತ್ತಾನೆ. ವೈದ್ಯನನ್ನು ಅರಸಿ ಹೋಗುವುದಿಲ್ಲ.

ಆ ಕಾಲದಲ್ಲಿ ದೃಷ್ಟಿ ಕುಂದಿದ ಮುದುಕನು ಜಗಲಿಯ ಮೇಲೆ ಕುಳಿತಿರುತ್ತಿದ್ದನು. ಇಂದು ಅರೆದೃಷ್ಟಿಯವನೂ ಮೋಟಾರ್ ಸೈಕಲ್ ಏರುತ್ತಾನೆ. ರಾತ್ರಿ ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವವನ ಕಣ್ಣಿನಲ್ಲಿ ಪೊರೆಯಿದ್ದರೆ, ಎದುರು ಬರುವ ಲಾರಿಯ ದೀಪವು ಆ ಮಬ್ಬಿನಲ್ಲಿ ಚದರಿ ದಾರಿಯನ್ನೇ ನುಂಗಿಬಿಡುತ್ತದೆ. ಚನ್ನಗಿರಿಯ ಅಡಿಕೆಯನ್ನೋ ಜಗಳೂರಿನ ಮೆಕ್ಕೆಜೋಳವನ್ನೋ ಹೇರಿಕೊಂಡು ಹಿಂದೀಪವಿಲ್ಲದೆ ನಿಂತ ಟ್ರ್ಯಾಕ್ಟರು ಅವನಿಗೆ ಕಾಣುವುದು ತೀರ ಹತ್ತಿರ ಬಂದ ಮೇಲೆಯೇ.

ಕಾನೂನು ಇದನ್ನು ಮರೆತಿಲ್ಲ. ಲೈಸೆನ್ಸಿನ ಅರ್ಜಿಯೊಡನೆ ಕೊಡುವ ಫಾರಂನಲ್ಲಿ, ಹಗಲಿನಲ್ಲಿ 25 ಮೀಟರ್ ದೂರದ ಕಾರಿನ ನಂಬರು ಕಾಣುವುದೇ ಎಂಬ ಪ್ರಶ್ನೆಯಿದೆ. ಆದರೆ ಉತ್ತರ ಬರೆಯುವವರು ನಾವೇ. ಮೂವತ್ತಕ್ಕೆ ಮೊದಲು ಸ್ವಂತ ವಾಹನದ ಲೈಸೆನ್ಸು ಪಡೆದವನಿಗೆ ಅದು ನಲವತ್ತರವರೆಗೆ ನಡೆಯುತ್ತದೆ. ಅಲ್ಲಿಯವರೆಗೆ ಆ ಪ್ರಶ್ನೆ ಮತ್ತೆ ಬರುವುದಿಲ್ಲ.

ಮಿತ್ರರೇ, ನಮ್ಮಲ್ಲಿ ಅನೇಕರು ತಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಅಪ್ಪನ ಫಾರಂ ತುಂಬುವವರೂ, ಕಣ್ಣು ಸರಿಯಾಗಿದೆಯೆಂದು ಗುರುತು ಹಾಕುವವರೂ ನಾವೇ. ಹಾಗೆ ಗುರುತು ಹಾಕುವ ಮೊದಲು ಅಪ್ಪನನ್ನು ಸುಮಾರು ಮೂವತ್ತೈದು ಹೆಜ್ಜೆ ದೂರ ನಿಲ್ಲಿಸಿ, ಒಂದೊಂದೇ ಕಣ್ಣನ್ನು ಮುಚ್ಚಿಸಿ, ನಂಬರು ಓದಿಸೋಣ. ಓದಲಾಗದಿದ್ದರೆ ಆಸ್ಪತ್ರೆಗೆ ಕರೆದೊಯ್ಯೋಣ. ಮೋದಿಯವರ ಕಾಲದಲ್ಲಿ ಪೊರೆ ತೆಗೆದ ಮೇಲೆ ದಪ್ಪ ಗಾಜಿನ ಕನ್ನಡಕವೇ ಗತಿಯಾಗಿತ್ತು; ಇಂದು ಕಣ್ಣಿನೊಳಗೇ ಕೃತಕ ಮಸೂರವನ್ನಿಡುತ್ತಾರೆ. ಅಂಜಲು ಕಾರಣವಿಲ್ಲ.

ಊರೂರು ಅಲೆದು ಕಣ್ಣು ಕೊಟ್ಟ ಆ ಮಹನೀಯರು ಇಂದು ನಮ್ಮೊಡನಿಲ್ಲ. ನಮ್ಮ ಮನೆಯವರ ಕಣ್ಣಿನ ಹೊಣೆಯನ್ನಾದರೂ ನಾವು ಹೊತ್ತರೆ, ಅದೇ ಅವರಿಗೆ ಸಲ್ಲಿಸುವ ನಿಜವಾದ ಗೌರವ.