ಆಕಾಶವಾಣಿ ಮೇಷ್ಟ್ರ ಇನ್ನೊಂದು ಕೆಲಸ

ಆಕಾಶವಾಣಿ ಶುರು ಮಾಡಿದ್ದು ಯಾರು ಅಂತ ಕ್ವಿಜ್‌ನಲ್ಲಿ ಕೇಳಿದ್ರೆ ನಾವು ನಾಲ್ಕು ಜನ ಆದ್ರೂ ಒಟ್ಟಿಗೆ ಬಝರ್ ಒತ್ತುತ್ತೇವೆ. ಎಂ. ವಿ. ಗೋಪಾಲಸ್ವಾಮಿ. 1935ರ ಸೆಪ್ಟೆಂಬರ್ 10. ಜಾಗ, ಮೈಸೂರಿನಲ್ಲಿದ್ದ ಅವರ ಮನೆ ವಿಠಲ ವಿಹಾರ. ಟ್ರಾನ್ಸ್‌ಮಿಟರ್ ಬರೀ 30 ವ್ಯಾಟ್. ನಮ್ಮ ಲ್ಯಾಪ್‌ಟಾಪ್ ಚಾರ್ಜರ್ ಅದಕ್ಕಿಂತ ಜಾಸ್ತಿ ಎಳೆಯುತ್ತೆ! ಅಲ್ಲಿಗೆ ನಮಗೆ ಹತ್ತು ಪಾಯಿಂಟ್, ಗೋಪಾಲಸ್ವಾಮಿ ಅವರ ಕಥೆ ಮುಗೀತು.

ಆದ್ರೆ ಅವರು ಇಂಜಿನಿಯರ್ ಅಲ್ಲ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಮೇಷ್ಟ್ರು. ಮಕ್ಕಳ ಬುದ್ಧಿ ಅಳೆಯೋ ವಿದೇಶಿ ಟೆಸ್ಟ್‌ಗಳನ್ನ ನಮ್ಮ ದೇಶದ ಮಕ್ಕಳಿಗೆ ಹೊಂದಿಸೋಕೆ ಕೂತ ಮೊದಮೊದಲಿಗರಲ್ಲಿ ಒಬ್ಬರು. ಇದನ್ನ ಯಾವ ಕ್ವಿಜ್‌ನಲ್ಲೂ ಕೇಳಲ್ಲ. ಇವತ್ತು ಹೆತ್ತವರಿಂದ ದೂರವಾಗಿ ಬೇರೆ ಮನೆಯಲ್ಲಿ ಬೆಳೆಯೋ ಮಗುವಿನ ಫೈಲ್‌ನಲ್ಲಿ ಒಂದು ಐಕ್ಯೂ ನಂಬರ್ ಬಂದು ಕೂರುತ್ತಲ್ಲ, ಅದನ್ನ ಅರ್ಥ ಮಾಡ್ಕೋಬೇಕಾದ್ರೆ ಅವರ ಈ ಕೆಲಸದಿಂದ ಶುರು ಮಾಡೋದೇ ಒಳ್ಳೇದು ಅಂತ ನಮಗನ್ನಿಸಿತು.

ಗೋಪಾಲಸ್ವಾಮಿ ಓದಿದ್ದು ಲಂಡನ್‌ನಲ್ಲಿ, ಚಾರ್ಲ್ಸ್ ಸ್ಪಿಯರ್‌ಮನ್ ಕೈ ಕೆಳಗೆ. ಹೌದು, ನಮ್ಮ ಮ್ಯಾಥ್ಸ್‌ನಲ್ಲಿ ಬರೋ ರ‍್ಯಾಂಕ್ ಕೋರಿಲೇಷನ್‌ನ ಅದೇ ಸ್ಪಿಯರ್‌ಮನ್. ಮೊದಲು ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿಯಾಗಿದ್ದು, ಆಮೇಲೆ ಓದೋಕೆ ಕೂತ ಮನುಷ್ಯ. ಒಂದು ವಿಷಯದಲ್ಲಿ ಚೆನ್ನಾಗಿ ಮಾಡೋ ಮಕ್ಕಳು ಬೇರೆ ವಿಷಯದಲ್ಲೂ ಸಾಮಾನ್ಯವಾಗಿ ಚೆನ್ನಾಗೇ ಮಾಡ್ತಾರೆ, ಹಾಗಾದ್ರೆ ಎಲ್ಲದರ ಹಿಂದೆ ಒಂದು ಸಾಮಾನ್ಯ ಶಕ್ತಿ ಇರಬೇಕು ಅಂತ 1904ರಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಇವರು. ಅಲ್ಲಿಂದ ಬೆಳೆದಿದ್ದೇ ಫ್ಯಾಕ್ಟರ್ ಅನಾಲಿಸಿಸ್. ಮಷೀನ್ ಲರ್ನಿಂಗ್ ಕ್ಲಾಸಲ್ಲಿ ಬರೋ ಪಿಸಿಎ ಅದಕ್ಕೆ ದಾಯಾದಿ ಇದ್ದ ಹಾಗೆ.

ವಾಪಸ್ ಬಂದ ಗೋಪಾಲಸ್ವಾಮಿ 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದರು. ಕಲ್ಕತ್ತಾ ಬಿಟ್ರೆ ದೇಶದಲ್ಲಿ ಆಗ ಇನ್ನೊಂದು ಇರಲಿಲ್ಲ. ಆಗಿನ ವೈಸ್ ಚಾನ್ಸೆಲರ್ ಬ್ರಜೇಂದ್ರನಾಥ ಸೀಲ್, ಕಲ್ಕತ್ತಾದಲ್ಲಿ ಈ ವಿಷಯದ ಸಿಲಬಸ್ ಮೊದಲು ಬರೆದವರೇ ಅವರು. ಮೇಷ್ಟ್ರಿಗೆ ಪಾಠ ಮಾತ್ರ ಸಾಕಾಗಲಿಲ್ಲ. ಲ್ಯಾಬ್ ಬೇಕಿತ್ತು. ಪ್ರಾಣಿಗಳ ಮೇಲೆ ಪ್ರಯೋಗ ಮಾಡೋ ಲ್ಯಾಬನ್ನೂ ಮಾಡಿಸಿದರು. ಅದರ ಜೊತೆಗೇ ಟೆಸ್ಟ್‌ಗಳ ಕೆಲಸ.

ಟೆಸ್ಟ್‌ಗಳ ಹಿಂದಿನ ಕಥೆ ಸ್ವಲ್ಪ ಹೇಳ್ಬೇಕು. ಸ್ಕೂಲಲ್ಲಿ ಹಿಂದೆ ಬೀಳೋ ಮಕ್ಕಳಲ್ಲಿ ಯಾರಿಗೆ ವಿಶೇಷ ಪಾಠ ಬೇಕು ಅಂತ ಕಂಡುಹಿಡಿಯೋಕೆ ಫ್ರಾನ್ಸಿನ ಆಲ್ಫ್ರೆಡ್ ಬಿನೆ, ತಿಯೊಡೋರ್ ಸಿಮೋನ್ ಜೊತೆ ಸೇರಿ 1905ರಲ್ಲಿ 30 ಸಣ್ಣ ಸಣ್ಣ ಕೆಲಸಗಳ ಒಂದು ಪಟ್ಟಿ ಮಾಡಿದ್ದ. ಸಹಾಯ ಮಾಡೋಕೆ ಅಂತ ಹುಟ್ಟಿದ ಟೆಸ್ಟು ಅದು. ಆಮೇಲೆ ಅಮೆರಿಕಕ್ಕೆ ಹೋಗಿ, ಹುಟ್ಟಿನಿಂದಲೇ ಬಂದ ಬುದ್ಧಿಯ ಅಳತೆ ಅನ್ನೋ ಹಾಗೆ ಮೆರೆಯಿತು. ನಮ್ಮ ದೇಶಕ್ಕೆ ಬರೋ ಹೊತ್ತಿಗೆ ಪ್ರಶ್ನೆಗಳೂ ಅಲ್ಲಿನವು, ಚಿತ್ರಗಳೂ ಅಲ್ಲಿನವು, ಎಷ್ಟು ವಯಸ್ಸಿಗೆ ಎಷ್ಟು ಬರಬೇಕು ಅನ್ನೋ ಲೆಕ್ಕಾನೂ ಅಲ್ಲಿಂದೇ.

ಬೇರೆ ಕಡೆ ಕ್ಯಾಲಿಬ್ರೇಟ್ ಮಾಡಿದ ಮೀಟರ್ ತಂದು ರೀಡಿಂಗ್ ತಗೊಂಡ್ರೆ ಲ್ಯಾಬ್ ಸರ್ ರೆಕಾರ್ಡ್ ಬುಕ್ ವಾಪಸ್ ಎಸೀತಾರೆ. ಮಗುವಿನ ವಿಷಯದಲ್ಲಿ ಎಸೆಯೋಕೆ ಯಾರಿದ್ದಾರೆ? ನಮ್ಮ ತಿಪಟೂರು ತಾಲೂಕಿನ ಬಿಳಿಗೆರೆಯ ಒಂದು ಹುಡುಗೀನ ತಗೊಳ್ಳಿ. ಅಟ್ಟದ ಮೇಲಿನ ಕಾಯಿ ತಗೊಂಡು ಕಿವಿ ಹತ್ರ ಅಲ್ಲಾಡಿಸಿ, ಒಳಗಡೆ ಇನ್ನೂ ನೀರಿದೆಯಾ, ಕೊಬ್ಬರಿ ಬಿಟ್ಟುಕೊಂಡಿದೆಯಾ ಅಂತ ಸದ್ದಿನಲ್ಲೇ ಹೇಳ್ತಾಳೆ. ತಿಂಗಳುಗಟ್ಟಲೆ ನೋಡಿ, ಹೋಲಿಸಿ, ನೆನಪಿಟ್ಟುಕೊಂಡು ಬಂದ ಬುದ್ಧಿ ಅದು. ಅವಳ ಮುಂದೆ ಲಂಡನ್ ಮನೆಯ ಬೆಂಕಿಗೂಡಿನ ಚಿತ್ರ ಇಟ್ಟು ಇದರಲ್ಲಿ ಏನು ಕಮ್ಮಿ ಇದೆ ಅಂತ ಕೇಳಿದ್ರೆ ಸುಮ್ಮನೆ ಕೂರ್ತಾಳೆ. ಆ ಮೌನಕ್ಕೆ ಸೊನ್ನೆ ಮಾರ್ಕು.

ಮೇಷ್ಟ್ರು ಕೈ ಹಾಕಿದ್ದು ಇಂಥ ಕಡೆಗೆ. ಅದೇ ಕಾಲದಲ್ಲಿ ಧಾರವಾಡದಲ್ಲಿ ವಿ. ವಿ. ಕಾಮತ್ ಬಿನೆ ಟೆಸ್ಟನ್ನ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಬಿನೆ-ಕಾಮತ್ ಟೆಸ್ಟ್ ಅಂತ ಇವತ್ತಿಗೂ ಬಳಕೆಯಲ್ಲಿದೆ.

ಇದರ ಮಧ್ಯೆ ರೇಡಿಯೋ. ಸ್ವಂತ ದುಡ್ಡು ಸುರಿದು ನಡೆಸಿದರು. ನಾ. ಕಸ್ತೂರಿ ಜೊತೆಗಿದ್ದರು. ಆಮೇಲೆ 250 ವ್ಯಾಟ್ ಟ್ರಾನ್ಸ್‌ಮಿಟರ್ ಬಂತು, 1942ರಲ್ಲಿ ಮೈಸೂರು ಸರ್ಕಾರ ಸ್ಟೇಷನ್ ವಹಿಸಿಕೊಂಡಿತು, 1955ರಲ್ಲಿ ಅದು ಬೆಂಗಳೂರಿಗೆ ಹೋಯ್ತು. ಆಕಾಶವಾಣಿ ಅನ್ನೋ ಹೆಸರನ್ನ ಇಡೀ ದೇಶ ತಗೊಂಡಿತು. ಇದೆಲ್ಲಾ ಕ್ವಿಜ್ ಪುಸ್ತಕದಲ್ಲಿದೆ, ಬಿಡಿ. ಟೆಸ್ಟ್ ಆಗಲಿ ರೇಡಿಯೋ ಆಗಲಿ, ಹೊರಗಿಂದ ಬಂದ ಯಂತ್ರ ನಮ್ಮವರ ಮಾತಿನಲ್ಲಿ ಮಾತಾಡಬೇಕು ಅನ್ನೋದರಲ್ಲಿ ಎರಡೂ ಒಂದೇ ಕೆಲಸ ಅನ್ನೋದು ನಮ್ಮ ಲೆಕ್ಕ. ಮೇಷ್ಟ್ರು ಹಾಗೆ ಅಂದುಕೊಂಡಿದ್ದರೋ ಇಲ್ವೋ, ಅದು ಬೇರೆ ವಿಷಯ.

1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯ್ತು, ಈಗಿನ ನಿಮ್ಹಾನ್ಸ್. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ ಅಲ್ಲಿ ತರಬೇತಿ ಸಿಕ್ಕೋಕೆ ಶುರುವಾಗಿ, ಟೆಸ್ಟ್‌ಗಳು ಕಾಲೇಜಿನ ಲ್ಯಾಬ್ ದಾಟಿ ಆಸ್ಪತ್ರೆಗೆ ಬಂದವು.

ಈಗ ಸಾಕುಮನೆಯ ಮಕ್ಕಳ ವಿಷಯ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಇಂಥ ಮಗು ಮೊದಲು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಬರುತ್ತೆ. ಆಮೇಲೆ ಬಾಲಮಂದಿರನೋ ಫಾಸ್ಟರ್ ಕೇರ್ ಕುಟುಂಬನೋ ನಿರ್ಧಾರ ಆಗುತ್ತೆ. ಮಗು ಮಾತಾಡ್ತಿಲ್ಲ, ಓದಿನಲ್ಲಿ ತೀರಾ ಹಿಂದಿದೆ ಅಂದ್ರೆ ಟೆಸ್ಟ್‌ಗೆ ಕಳಿಸಬೇಕು. ಟೆಸ್ಟ್ ಮಾಡೋರು ಮೊದಲು ಕೇಳೋದು, ಮಗು ಯಾವಾಗ ನಡೆಯೋಕೆ ಶುರು ಮಾಡಿತು, ಮೊದಲ ಮಾತು ಯಾವಾಗ ಆಡಿತು ಅಂತ. ಇದನ್ನ ಹೇಳೋಳು ಅಮ್ಮ. ಇಲ್ಲಿ ಅಮ್ಮನೇ ಇಲ್ಲ! ಹಾಗಾಗಿ ಯಾರಾದ್ರೂ ಒಬ್ಬರು ಓಡಾಡಿ, ಹಳೇ ಊರಿನ ಅಂಗನವಾಡಿ ಟೀಚರ್, ಸ್ಕೂಲ್ ಮೇಷ್ಟ್ರು, ಈಗ ಸಾಕ್ತಾ ಇರೋ ಮನೆಯವರು, ಎಲ್ಲರ ಹತ್ರ ಚೂರು ಚೂರು ಕೇಳಿ ಒಂದು ಕಡೆ ಬರೆದಿಡಬೇಕು.

ಇನ್ನೊಂದು ತೊಡಕು ನಮ್ಮಂಥೋರಿಗೆ ಬೇಗ ಅರ್ಥ ಆಗುತ್ತೆ. ಹಳೇ ಲೆಕ್ಕದ ಐಕ್ಯೂ ಅಂದ್ರೆ ಮಾನಸಿಕ ವಯಸ್ಸನ್ನ ನಿಜವಾದ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸೋದು. ಮಾನಸಿಕ ವಯಸ್ಸು 8, ನಿಜ ವಯಸ್ಸು 8 ಆದ್ರೆ 100. ನಿಜ ವಯಸ್ಸು 10 ಅಂತ ಬರೆದ್ರೆ ಅದೇ ಮಗು 80ಕ್ಕೆ ಇಳಿಯುತ್ತೆ. ಜನನ ಪತ್ರಾನೇ ಇಲ್ಲದ ಮಗುವಿನ ಛೇದ ಅಂದಾಜಿನದು. ಅಂಶವಾದ್ರೂ ಗಟ್ಟಿಯಾ? ಮನೆಯಲ್ಲಿ ಲಂಬಾಣಿಯೋ ಉರ್ದುವೋ ಆಡ್ತಾ ಬೆಳೆದು, ಹೋದ ವಾರ ತಾನೇ ಹೊಸ ಮನೆಗೆ ಬಂದು, ರಾತ್ರಿ ನಿದ್ದೆ ಮಾಡದ ಮಗುವನ್ನ ಕನ್ನಡದಲ್ಲಿ ಪ್ರಶ್ನೆ ಕೇಳಿದ್ರೆ ಏನು ಬರುತ್ತೋ ಅದೇ ಆ ಅಂಶ. ಆ ನಂಬರ್ ನೋಡಿ ಮಗು ಯಾವ ಸ್ಕೂಲಿಗೆ, ಯಾವ ಮನೆಗೆ ಅಂತ ಮಾತಾಡೋದಿದೆ.

ಒಳ್ಳೆ ಸೈಕಾಲಜಿಸ್ಟ್‌ಗಳು ಅದಕ್ಕೇ ಆತುರ ಮಾಡಲ್ಲ. ಮಗು ಹೊಸ ಮನೆಗೆ ಒಗ್ಗೋವರೆಗೂ ಕಾಯ್ತಾರೆ, ಒಂದೇ ಟೆಸ್ಟ್ ನಂಬದೆ ದಿನನಿತ್ಯದ ಕೆಲಸ ಹೇಗೆ ಮಾಡ್ಕೊಳ್ಳುತ್ತೆ ಅಂತಾನೂ ನೋಡ್ತಾರೆ, ಕೆಲವು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡ್ತಾರೆ, ಯಾವ ಭಾಷೆಯಲ್ಲಿ ಕೇಳಿದ್ವಿ ಅಂತ ರಿಪೋರ್ಟ್‌ನಲ್ಲಿ ಬರೀತಾರೆ.

ಗೋಪಾಲಸ್ವಾಮಿ ತೀರಿಕೊಂಡು ಅರವತ್ತು ವರ್ಷದ ಮೇಲಾಗಿದೆ. ಅವರು ಕಟ್ಟಿದ ವಿಭಾಗಕ್ಕೆ 2024ಕ್ಕೆ ನೂರು ತುಂಬಿತು, ಈಗ ಮಾನಸಗಂಗೋತ್ರಿಯಲ್ಲಿದೆ. ಮೈಸೂರಿಗೆ ಫೆಸ್ಟ್‌ಗೆ ಹೋಗೋರು ಕುಕ್ಕರಹಳ್ಳಿ ಕೆರೆ ಪಕ್ಕದ ರಸ್ತೆ ಹಿಡಿದ್ರೆ ಸಾಕು.