ಯೋಧರ ಋಣ: ಕಾರ್ಪೊರಲ್ ಟ್ಯಾನರರ ಚರಿತ್ರೆ

ಯುದ್ಧದಲ್ಲಿ ಮಡಿದವನಿಗೆ ವೀರಗಲ್ಲನ್ನು ನೆಡುವುದು ಯಾವ ರಾಜ್ಯಕ್ಕೂ ಕಷ್ಟವಲ್ಲ. ಮಡಿಯದೆ, ಕೈಕಾಲು ಕಳೆದುಕೊಂಡು ಮನೆಗೆ ಮರಳಿದವನನ್ನು ಅವನ ಆಯುಷ್ಯವಿರುವ ತನಕ ಪೊರೆಯುವುದೇ ಕಷ್ಟ. ಕಲ್ಲು ಅನ್ನವನ್ನು ಕೇಳುವುದಿಲ್ಲ, ಅರ್ಜಿಯನ್ನೂ ಬರೆಯುವುದಿಲ್ಲ. ಬದುಕಿ ಉಳಿದವನು ಎರಡನ್ನೂ ಮಾಡುತ್ತಾನೆ. ಆದುದರಿಂದಲೇ ಕೆಲವು ವರ್ಷಗಳು ಕಳೆಯುತ್ತಲೇ ಅವನು ಬೊಕ್ಕಸದವರ ಕಣ್ಣಿಗೆ ಭಾರವಾಗಿ ಕಾಣತೊಡಗುತ್ತಾನೆ. ಈ ಭಾರವು ದಾನವಲ್ಲ, ಋಣವೆಂದು ಐವತ್ತು ವರ್ಷಗಳಿಗೂ ಮೇಲ್ಪಟ್ಟು ಸಾರಿದ ಪುರುಷನೊಬ್ಬನ ಚರಿತ್ರೆಯನ್ನು ಇಂದು ವಾಚಕರ ಮುಂದಿಡುತ್ತೇವೆ.

ಜೇಮ್ಸ್ ಟ್ಯಾನರರು 1844ನೆಯ ಇಸವಿ ಏಪ್ರಿಲ್ 4ರಂದು ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ರಿಚ್‌ಮಂಡ್‌ವಿಲ್ ಎಂಬಲ್ಲಿ ಜನಿಸಿ, ಬೇಸಾಯದ ಮನೆಯಲ್ಲಿ ಬೆಳೆದವರು. ಗುಲಾಮಗಿರಿಯನ್ನು ಬಿಡಲೊಲ್ಲದ ದಕ್ಷಿಣದ ಸಂಸ್ಥಾನಗಳು 1861ರಲ್ಲಿ ಒಕ್ಕೂಟಕ್ಕೆ ಎದುರಾಗಿ ಶಸ್ತ್ರವೆತ್ತಿದಾಗ, ಹದಿನೇಳು ವಯಸ್ಸಿನ ಈ ಬಾಲಕರು ನ್ಯೂಯಾರ್ಕಿನ 87ನೆಯ ಕಾಲ್ದಳವನ್ನು ಸೇರಿ ಕಾರ್ಪೊರಲ್ ಪದವಿಗೇರಿದರು. ಮರುವರ್ಷ ಆಗಸ್ಟ್ ತಿಂಗಳಿನಲ್ಲಿ ವರ್ಜೀನಿಯಾದ ಬುಲ್ ರನ್ ಹಳ್ಳದ ಬಳಿ ನಡೆದ ಎರಡನೆಯ ಕಾಳಗದಲ್ಲಿ ಸಿಡಿಗುಂಡಿನ ಚೂರು ಅವರ ಎರಡೂ ಪಾದಗಳನ್ನು ನುಚ್ಚುಮಾಡಿತು. ರಣಭೂಮಿಯ ವೈದ್ಯರು ಎರಡು ಕಾಲುಗಳನ್ನೂ ಮೊಣಕಾಲಿನ ಕೆಳಗೆ ಕತ್ತರಿಸಿದರು. ಸೈನ್ಯವು ಹಿಮ್ಮೆಟ್ಟಿದಾಗ ಹಿಂದೆ ಉಳಿದು ಶತ್ರುಗಳ ವಶವಾದರು. ಕೆಲವು ದಿನಗಳ ತರುವಾಯ ಬಿಡುಗಡೆ ಹೊಂದಿದರು. ಆಗ ಅವರ ವಯಸ್ಸು ಹದಿನೆಂಟು.

ಅವರು ಪರರ ಕರುಣೆಯನ್ನು ನಂಬಿ ಕೂಡಲಿಲ್ಲ. ಕೃತಕ ಕಾಲುಗಳ ಮೇಲೆ ನಡೆಯಲು ಅಭ್ಯಾಸಮಾಡಿ, ಸಿರಾಕ್ಯೂಸ್ ನಗರದಲ್ಲಿ ಶೀಘ್ರಲಿಪಿಯನ್ನು ಕಲಿತು, 1864ರಲ್ಲಿ ವಾಷಿಂಗ್ಟನ್ನಿನ ಯುದ್ಧಖಾತೆಯಲ್ಲಿ ಗುಮಾಸ್ತರಾದರು. ಆ ವಿದ್ಯೆಯೇ ಅವರನ್ನು ಇತಿಹಾಸದ ಅಂಗಳಕ್ಕೆ ತಂದಿತು. 1865ರ ಏಪ್ರಿಲ್ 14ರ ರಾತ್ರಿ ಅಧ್ಯಕ್ಷ ಲಿಂಕನ್ನರಿಗೆ ಗುಂಡು ತಗುಲಿ, ಅವರನ್ನು ನಾಟಕಶಾಲೆಯ ಎದುರಿನ ಮನೆಗೆ ಒಯ್ದರು. ಟ್ಯಾನರರ ಬಿಡಾರವು ಅದರ ಪಕ್ಕದಲ್ಲಿಯೇ ಇದ್ದಿತು. ಶೀಘ್ರಲಿಪಿ ಬಲ್ಲವರು ಬೇಕೆಂದು ಕರೆಬರಲು, ಯುದ್ಧಮಂತ್ರಿ ಸ್ಟ್ಯಾಂಟನ್ನರು ವಿಚಾರಿಸಿದ ಸಾಕ್ಷಿಗಳ ಹೇಳಿಕೆಗಳನ್ನು ಅವರು ನಡುರಾತ್ರಿಯಲ್ಲಿ ಬರೆದುಕೊಂಡರು. ಬೆಳಗ್ಗೆ ಲಿಂಕನ್ನರು ಪ್ರಾಣಬಿಟ್ಟಾಗಲೂ ಆ ಕೋಣೆಯಲ್ಲಿದ್ದರು. ಪಾದ್ರಿಯ ಪ್ರಾರ್ಥನೆಯನ್ನು ಬರೆದುಕೊಳ್ಳಬೇಕೆಂದು ಸೀಸದ ಕಡ್ಡಿಯನ್ನು ಎಳೆಯಲು, ಅದು ಅಂಗಿಗೆ ಸಿಕ್ಕಿ ಮೊನೆ ಮುರಿಯಿತು. ಆ ಮಾತುಗಳು ಅವರ ಕಾಗದಕ್ಕೆ ದಕ್ಕದೆ ಹೋದವು.

ಜನರು ಆ ಒಂದು ರಾತ್ರಿಗಾಗಿ ಅವರನ್ನು ನೆನೆಯುವುದುಂಟು. ನಾವು ಸ್ಮರಿಸತಕ್ಕದ್ದು ಅನಂತರದ ಅರುವತ್ತು ವರ್ಷಗಳನ್ನು. ನ್ಯಾಯಶಾಸ್ತ್ರವನ್ನು ಓದಿ ವಕೀಲರಾಗಿ, ಬ್ರೂಕ್ಲಿನ್ ನಗರದ ತೆರಿಗೆ ವಸೂಲಿಯ ಅಧಿಕಾರಿಯಾಗಿ ಅವರು ಹೆಸರು ಪಡೆದರು. ಅದರೊಡನೆಯೇ ಉತ್ತರದ ಮಾಜಿ ಯೋಧರ ಸಂಘವಾದ ಗ್ರ್ಯಾಂಡ್ ಆರ್ಮಿ ಆಫ್ ದಿ ರಿಪಬ್ಲಿಕ್‌ನ ನ್ಯೂಯಾರ್ಕ್ ಶಾಖೆಗೆ 1876ರಲ್ಲಿ ಮುಖ್ಯಸ್ಥರಾದರು. ನಿರ್ಗತಿಕ ಯೋಧರು ಧರ್ಮಛತ್ರಗಳಲ್ಲಿ ಕೊಳೆಯಬಾರದೆಂದು ಊರೂರಿನಲ್ಲಿ ಭಾಷಣಮಾಡಿ ಹಣ ಕೂಡಿಸಿದರು. ಬಾತ್ ಎಂಬ ಊರಿನ ಯೋಧರ ಆಶ್ರಯಗೃಹವು 1870ರ ದಶಕದ ಕೊನೆಯಲ್ಲಿ ಬಾಗಿಲು ತೆರೆದುದರಲ್ಲಿ ಅವರ ಶ್ರಮವು ದೊಡ್ಡದು.

1889ರಲ್ಲಿ ಅಧ್ಯಕ್ಷ ಹ್ಯಾರಿಸನ್ನರು ಅವರನ್ನು ಪಿಂಚಣಿ ಇಲಾಖೆಯ ಕಮಿಷನರನ್ನಾಗಿ ನೇಮಿಸಿದರು. ಆಮದು ಸುಂಕದಿಂದ ಬೊಕ್ಕಸವು ತುಂಬಿತುಳುಕುತ್ತಿದ್ದ ಕಾಲವದು. ಟ್ಯಾನರರು ಎರಡು ಕೈಗಳಿಂದಲೂ ಕೊಟ್ಟರು. ತೀರ್ಮಾನವಾಗಿದ್ದ ಕಡತಗಳನ್ನು ತಿರುಗಿ ತೆರೆದು ಪಿಂಚಣಿಯನ್ನು ಏರಿಸಿದರು. ತಮ್ಮ ಕಛೇರಿಯ ನೌಕರರಾಗಿದ್ದ ಮಾಜಿ ಯೋಧರಿಗೂ ಅದೇ ರೀತಿ ಏರಿಕೆಯಾಯಿತು. ಮೇಲಿನ ಮಂತ್ರಿ ನೋಬಲ್ಲರು ಇದನ್ನು ಆಕ್ಷೇಪಿಸಿದರು. ಆರು ತಿಂಗಳು ತುಂಬುವಷ್ಟರಲ್ಲಿ ಟ್ಯಾನರರು ರಾಜೀನಾಮೆ ಕೊಡಬೇಕಾಯಿತು. ಇಲ್ಲಿ ಅವರ ಕಡೆ ತಪ್ಪಿಲ್ಲವೆಂದು ನಾವು ಹೇಳಲಾರೆವು. ಸಾರ್ವಜನಿಕ ಹಣಕ್ಕೆ ಕಾವಲಿರುವವನು ಕನಿಕರದಿಂದಲೇ ಆದರೂ ಕ್ರಮವನ್ನು ಮೀರಿದರೆ, ನಿಜವಾದ ಹಕ್ಕುದಾರನ ಮೇಲೆಯೂ ಸಂಶಯದ ನೆರಳು ಬೀಳುತ್ತದೆ. ಆದರೆ ಅವರು ಬೇಡಿದ್ದ ನ್ಯಾಯವು ಅವರ ಪದವಿಯೊಡನೆ ಅಳಿಯಲಿಲ್ಲ. ತೊಂಬತ್ತು ದಿನ ಸೇವೆ ಸಲ್ಲಿಸಿ, ದೇಹಶ್ರಮಕ್ಕೆ ಅಸಮರ್ಥನಾದ ಒಕ್ಕೂಟದ ಪ್ರತಿಯೊಬ್ಬ ಯೋಧನಿಗೂ ಪಿಂಚಣಿ ಸಲ್ಲಬೇಕೆಂದು ಮರುವರ್ಷವೇ ಶಾಸನವಾಯಿತು.

ಅವರ ದೊಡ್ಡತನವು ಇನ್ನೊಂದು ಕಾರ್ಯದಲ್ಲಿ ಮತ್ತಷ್ಟು ಸ್ಪಷ್ಟವಾಗಿ ಕಾಣುತ್ತದೆ. ಸೋತ ದಕ್ಷಿಣದ ಸಿಪಾಯಿಗಳಿಗೆ ಕೇಂದ್ರ ಸರಕಾರದ ಪಿಂಚಣಿ ಇರಲಿಲ್ಲ. ಅವರಿಗಾಗಿ ವರ್ಜೀನಿಯಾದ ರಿಚ್ಮಂಡಿನಲ್ಲಿ ಆಶ್ರಯಗೃಹವನ್ನು ಕಟ್ಟಲು ಹಣ ಕೂಡಿಸುವುದಕ್ಕೆ ನೆರವಾದವರಲ್ಲಿ ಟ್ಯಾನರರೂ ಒಬ್ಬರು. ತಮ್ಮ ಕಾಲುಗಳನ್ನು ಕಳೆದ ಪಕ್ಷದವರ ಹಸಿವಿಗೆ ಅವರು ಮರುಗಿದರು. ಇದನ್ನು ವೇದಿಕೆಯ ಮೇಲೆ ಹೇಳುವವರು ಬಹಳ, ಮಾಡುವವರು ವಿರಳ.

1904ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ಅವರನ್ನು ರಾಜಧಾನಿಯ ಮರಣಶಾಸನಗಳ ರಿಜಿಸ್ಟ್ರಾರರನ್ನಾಗಿ ನೇಮಿಸಿದರು. ಮರುವರ್ಷ ಮಾಜಿ ಯೋಧರ ಮಹಾಸಂಘವು ಅವರನ್ನು ತನ್ನ ಸೇನಾಪತಿಯನ್ನಾಗಿ ಆರಿಸಿತು. 1906ರಲ್ಲಿ ಮೋಟಾರು ಅಪಘಾತದಲ್ಲಿ ಪತ್ನಿ ಮೆರೋ ತೀರಿಕೊಂಡರು. ಆ ದುಃಖವನ್ನು ನುಂಗಿ, ಕೊನೆಯತನಕ ಕೆಲಸದಲ್ಲಿಯೇ ಇದ್ದು, 1927ರ ಅಕ್ಟೋಬರ್ 2ರಂದು ಎಂಬತ್ತಮೂರನೆಯ ವಯಸ್ಸಿನಲ್ಲಿ ಸ್ವರ್ಗಸ್ಥರಾದರು. ಆರ್ಲಿಂಗ್ಟನ್ನಿನ ಯೋಧರ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಅಲ್ಲಿಯ ಹಳೆಯ ಸಭಾಮಂಟಪಕ್ಕೆ 2014ರಲ್ಲಿ ಅವರ ಹೆಸರನ್ನಿಟ್ಟರು.

ಕಾಲಿಲ್ಲದವರು ಕಛೇರಿಯ ಮೆಟ್ಟಿಲನ್ನು ಹತ್ತುವ ಕಷ್ಟವನ್ನು ಟ್ಯಾನರರು ಮೇಜಿನ ಎರಡು ಕಡೆಗಳಿಂದಲೂ ಬಲ್ಲವರಾಗಿದ್ದರು. ಅಧಿಕಾರದಲ್ಲಿರುವ ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ನಿಯಮವನ್ನು ಮೀರಬೇಕಾಗಿಲ್ಲ, ಯೋಧನ ಅರ್ಜಿಯು ಕೈಸೇರಿದಾಗ ಅದು ಯಾಚಕನ ಕಾಗದವಲ್ಲ, ಸಾಲಕೊಟ್ಟವನ ಪತ್ರವೆಂದು ಬಗೆದು, ಅದನ್ನು ಅಂದೇ ಬಿಚ್ಚಿ ಓದಿದರೆ ಸಾಕು.